ಆರೂವರೆಯ ಮೀಟಿಂಗ್

ನಮ್ಮ ಆಫೀಸು ಇರುವುದು ಅರಸೀಕೆರೆಯಲ್ಲಿ, ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಕೆಳಗೆ ಉಂಡೆ ಕೊಬ್ಬರಿ ಆರಿಸಿ ಮೂಟೆ ಕಟ್ಟುತ್ತಾರೆ, ಮೇಲೆ ನಾವು ವಿಡಿಯೊ ಗೇಮ್ ಮಾಡುತ್ತೇವೆ. ಬೆಂಗಳೂರಿನ ಹಳೆಯ ಸ್ನೇಹಿತರಿಗೆ ಇದನ್ನು ಹೇಳಿದರೆ ನಗುತ್ತಾರೆ, ಅರಸೀಕೆರೆಯ ನೆಂಟರಿಗೆ ಹೇಳಿದರೆ ಇನ್ನೂ ಜಾಸ್ತಿ ನಗುತ್ತಾರೆ. ಆಟ ಆಡೋದಕ್ಕೂ ಸಂಬಳ ಕೊಡ್ತಾರಾ ಎಂದು ನಮ್ಮ ಅತ್ತೆ ಇವತ್ತಿಗೂ ಕೇಳುತ್ತಾರೆ. ಆಡೋದಲ್ಲ ಅತ್ತೆ, ಮಾಡೋದು ಎಂದು ಹೇಳಿ ಹೇಳಿ ಸಾಕಾಗಿ ಈಗ ಹೂಂ ಅಂದು ಸುಮ್ಮನಾಗುತ್ತೇನೆ.

ಮಂಡಿ ಯಜಮಾನರ ಮಗನೇ ನಮ್ಮ ಬಾಸ್. ಬೆಂಗಳೂರಿನ ಗೇಮ್ ಕಂಪನಿಯೊಂದರಲ್ಲಿ ಕೆಲವು ವರ್ಷ ಇದ್ದು, ಅಲ್ಲಿನ ಬಾಡಿಗೆಗೂ ಟ್ರಾಫಿಕ್ಕಿಗೂ ಕೈಮುಗಿದು ವಾಪಸ್ ಬಂದವರು. ಹಗಲೆಲ್ಲ ಅಪ್ಪನ ಜೊತೆ ಕೊಬ್ಬರಿ ವ್ಯಾಪಾರ, ಸಂಜೆ ಮೆಟ್ಟಿಲು ಹತ್ತಿ ಬಂದರೆ ಗೇಮು. ಕೆಟ್ಟ ಮನುಷ್ಯ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಬರಹದಲ್ಲಿ ಕೆಟ್ಟವರು ಯಾರು ಎಂದು ಹುಡುಕುತ್ತಾ ಹೋದರೆ ನಾನೊಬ್ಬಳೇ ಸಿಗುವುದು, ಉಳಿದವರನ್ನು ಸುಮ್ಮನೆ ಅನುಮಾನಿಸಬೇಡಿ.

ನಾನು ಮೊದಲು ಬೆಂಗಳೂರಿನಲ್ಲಿ ಗೇಮ್ ಟೆಸ್ಟರ್ ಆಗಿದ್ದೆ. ಒಂದೇ ಆಟವನ್ನು ದಿನವಿಡೀ ಆಡಿ, ಗೋಡೆಗೆ ಗುದ್ದಿ, ಬಾವಿಗೆ ಬಿದ್ದು, ಎಲ್ಲೆಲ್ಲಿ ಕೆಟ್ಟಿದೆ ಎಂದು ಹೇಳುವ ಕೆಲಸ. ಅಲ್ಲಿಯೂ ಹೆಂಗಸರು ಕಮ್ಮಿ. ಆನ್‌ಲೈನ್ ಆಟಗಳನ್ನು ಪರೀಕ್ಷೆ ಮಾಡುವಾಗ ಗಂಡಸಿನ ಹೆಸರು ಇಟ್ಟುಕೊಂಡು, ಮೈಕ್ ಆಫ್ ಮಾಡಿಕೊಂಡು ಆಡುತ್ತಿದ್ದೆ. ಬಾಯಿ ಬಿಟ್ಟರೆ ಸಾಕು, ಅಡುಗೆ ಮನೆಗೆ ಹೋಗು ಎಂದು ಯಾವನೋ ಮುಖ ಕಾಣದವನು ಅನ್ನುತ್ತಿದ್ದ. ಹೆಂಗಸು ಎಂದು ಗೊತ್ತಾಗದ ಹಾಗೆ ಇದ್ದುಬಿಡುವುದೇ ಈ ಕೆಲಸದಲ್ಲಿ ಜಾಣತನ ಎಂಬ ಪಾಠವನ್ನು ನಾನು ಅಲ್ಲಿ ಚೆನ್ನಾಗಿ ಕಲಿತೆ. ನನ್ನ ಗಂಡನಿಗೆ ರೈಲ್ವೆಯಲ್ಲಿ ಅರಸೀಕೆರೆಗೆ ವರ್ಗವಾದಾಗ ಆ ಪಾಠವನ್ನು ಪಾತ್ರೆ ಪಗಡಿ ಜೊತೆ ಕಟ್ಟಿಕೊಂಡೇ ಬಂದೆ.

ಮಂಡಿ ಮೇಲಿನ ಆಫೀಸಿಗೆ ಸೇರಿದಾಗ ಅಲ್ಲಿ ಇದ್ದವರೆಲ್ಲ ಹುಡುಗರು. ಬಾಣಾವರ, ತಿಪಟೂರು, ಇಲ್ಲೇ ಅರಸೀಕೆರೆಯವರು. ನಾನೊಬ್ಬಳೇ ಹೆಂಗಸು, ಎಲ್ಲರಿಗಿಂತ ದೊಡ್ಡವಳು. ಮೊದಲ ವಾರವೇ ಬಾಸ್ ಒಂದು ಮಾತು ಕೇಳಿದರು. ದಿನಾ ಎಲ್ಲರೂ ಒಟ್ಟಿಗೆ ಕೂತು, ಗೇಮ್ ಎಲ್ಲಿಗೆ ಬಂತು, ಮುಂದೆ ಏನು ಎಂದು ಮಾತಾಡಿಕೊಳ್ಳಲು ಒಂದು ಹೊತ್ತು ಬೇಕು. ಮಧ್ಯಾಹ್ನ ಮೂರಕ್ಕೆ ಮಂಡಿಯಲ್ಲಿ ಸ್ವಲ್ಪ ಬಿಡುವಿರುತ್ತದೆ, ಇಲ್ಲವಾದರೆ ಸಂಜೆ ಆರೂವರೆ. ಲೇಡೀಸ್ ಇದ್ದೀರಲ್ಲ, ನೀವೇ ಹೇಳಿ ಮೇಡಂ ಅಂದರು.

ಮೂರು ಗಂಟೆಗೆ ನನ್ನ ಮಗ ಸ್ಕೂಲಿಂದ ಬರುತ್ತಾನೆ. ಮನೆ ಎರಡು ಬೀದಿ ಆಚೆ. ಆ ಹೊತ್ತಿಗೆ ಹೋಗಿ ಅವನಿಗೆ ಊಟ ಹಾಕಿ ಬಂದರೆ ಅತ್ತೆಯ ಗೊಣಗಾಟ ಅರ್ಧ ಕಮ್ಮಿಯಾಗುತ್ತದೆ. ಸಂಜೆಯಾದರೆ ಅವರೇ ನೋಡಿಕೊಳ್ಳುತ್ತಾರೆ. ಹಾಗಾಗಿ ನನಗೆ ಆರೂವರೆಯೇ ಅನುಕೂಲ. ಆದರೆ ಅದನ್ನು ಹಾಗೆ ಹೇಳಿದರೆ ಮಗು, ಮನೆ, ಅತ್ತೆ ಎಲ್ಲ ಬಂದು ಮೀಟಿಂಗಿನಲ್ಲಿ ಕೂತುಬಿಡುತ್ತವಲ್ಲ. ಅದಕ್ಕೇ, ಲೇಡೀಸ್ ಅಂತ ಏನೂ ಬೇಡ ಸಾರ್, ಆರೂವರೆಗೇ ಇಡಿ, ನನಗೇನೂ ತೊಂದರೆ ಇಲ್ಲ ಎಂದು ಗತ್ತಿನಿಂದ ಹೇಳಿದೆ. ಹುಡುಗರಲ್ಲಿ ಒಬ್ಬ, ಮೇಡಂ ನಮ್ಮ ಥರಾನೇ ಕಣ್ರೋ ಅಂದ. ಆ ಒಂದು ಮಾತಿಗೆ ನಾನು ಎಷ್ಟು ಉಬ್ಬಿಹೋದೆ ಎಂದರೆ ಮನೆಗೆ ಹೋಗಿ ಗಂಡನಿಗೂ ಹೇಳಿದೆ.

ನನ್ನ ಬಗ್ಗೆ ಒಂದು ಒಳ್ಳೆಯದನ್ನೂ ಹೇಳಿಕೊಳ್ಳುತ್ತೇನೆ, ಇಲ್ಲದಿದ್ದರೆ ಕಥೆ ಅರ್ಥವಾಗುವುದಿಲ್ಲ. ಆ ಕಟ್ಟಡದಲ್ಲಿ ಇದ್ದದ್ದು ಒಂದೇ ಟಾಯ್ಲೆಟ್, ಅದೂ ಕೆಳಗೆ ಹಮಾಲರು ಬಳಸುವುದು. ಚಿಲಕವಿರಲಿಲ್ಲ. ನಾನು ಬೆಳಗಿಂದ ನೀರು ಕುಡಿಯದೆ ಕೂತಿರುತ್ತಿದ್ದೆ. ಒಂದು ದಿನ ತಲೆ ಕೆಟ್ಟು ಬಾಸ್ ಎದುರು ನಿಂತು ಬೈದೇ ಬಿಟ್ಟೆ. ಮುಂದಿನ ತಿಂಗಳೊಳಗೆ ಮೇಲೆ ಹೆಂಗಸರಿಗೆಂದೇ ಒಂದು ಟಾಯ್ಲೆಟ್ ಬಂತು, ಒಳಗೆ ಕನ್ನಡಿಯೂ ಬಂತು. ಅವತ್ತಿನಿಂದ ಆಫೀಸಿನಲ್ಲಿ ಹೆಂಗಸರ ಪರವಾಗಿ ಮಾತಾಡುವವಳು ಎಂದರೆ ನಾನೇ ಎಂದಾಯಿತು. ಹೆಂಗಸರು ಎಂದರೂ ನಾನೇ, ಅವರ ಪರ ಎಂದರೂ ನಾನೇ.

ಆಮೇಲೆ ಅವಳು ಬಂದಳು.

ಗಂಡಸಿ ಹ್ಯಾಂಡ್‌ಪೋಸ್ಟಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯವಳು. ಹಾಸನದಲ್ಲಿ ಬಿಸಿಎ ಓದಿದ್ದಳು. ಅಪ್ಪ ರಾಗಿ ಬೆಳೆದು, ಹಸು ಸಾಕಿ, ಎರಡು ಹೊತ್ತೂ ಡೈರಿಗೆ ಹಾಲು ಹಾಕುವವರು. ಗೇಮ್ ಆಡುವ ಕಂಟ್ರೋಲರನ್ನು ಕೈಗೆ ಕೊಟ್ಟಾಗ ಅವಳು ತಲೆಕೆಳಗಾಗಿ ಹಿಡಿದಳು. ಹುಡುಗರು ಮುಖ ಮುಖ ನೋಡಿಕೊಂಡರು. ಅವರೆಲ್ಲ ಹೈಸ್ಕೂಲಿನಲ್ಲಿರುವಾಗಲೇ ಸ್ಟೇಷನ್ ರಸ್ತೆಯ ಗೇಮ್ ಸೆಂಟರಿನಲ್ಲಿ ಕೈ ಪಳಗಿಸಿಕೊಂಡವರು. ಅಲ್ಲಿಗೆ ಹುಡುಗಿಯರು ಹೋಗುವಂತಿರಲಿಲ್ಲ. ಬರಬೇಡಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ಅಷ್ಟೇ. ಅವಳಿಗೆ ಗೊತ್ತಿದ್ದದ್ದು ಮೊಬೈಲಿನ ಆಟಗಳು ಮಾತ್ರ. ಆದರೂ ಇಂಟರ್‌ವ್ಯೂನಲ್ಲಿ ಬಾಸ್ ಕೇಳಿದ ಪ್ರಶ್ನೆಗೆಲ್ಲ ನಿಧಾನವಾಗಿ, ಯೋಚನೆ ಮಾಡಿ ಉತ್ತರ ಕೊಟ್ಟಳು. ಕೈಯಲ್ಲಿದ್ದ ಗೇಮ್ ಮುಗಿಯುವವರೆಗೆ ಎಂದು ಕಾಂಟ್ರಾಕ್ಟ್ ಮೇಲೆ ತೆಗೆದುಕೊಂಡರು. ಇನ್ನೊಂದು ಹೆಣ್ಣು ಜೀವ ಬಂತಲ್ಲ ಎಂದು ನನಗೆ ನಿಜವಾಗಿಯೂ ಖುಷಿಯಾಯಿತು. ಮನೆಯಿಂದ ಅವಳಿಗೂ ಸೇರಿಸಿ ಚಿತ್ರಾನ್ನ ತಂದೆ.

ತೊಂದರೆ ಬಸ್ಸಿನದು. ಅರಸೀಕೆರೆಯಿಂದ ಹ್ಯಾಂಡ್‌ಪೋಸ್ಟಿಗೆ ಹಾಸನದ ಬಸ್ಸುಗಳು ಎಷ್ಟು ಹೊತ್ತಿಗಾದರೂ ಸಿಗುತ್ತವೆ. ಅಲ್ಲಿಂದ ಅವಳ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಮಾತ್ರ ಕತ್ತಲಾಗುವ ಹೊತ್ತಿಗೆ ಹೊರಟುಬಿಡುತ್ತದೆ. ಅದು ತಪ್ಪಿದರೆ ನಡೆಯಬೇಕು, ಇಲ್ಲ ಅಪ್ಪ ಹಾಲು ಕರೆಯುವುದನ್ನು ಬಿಟ್ಟು ಬೈಕ್ ತರಬೇಕು. ಹಾಗಾಗಿ ಆರು ಗಂಟೆಯ ಹೊತ್ತಿಗೆ ಅವಳು ಬ್ಯಾಗು ಹೆಗಲಿಗೆ ಹಾಕಿ ಎದ್ದೇಳಲೇಬೇಕಿತ್ತು. ಮೀಟಿಂಗ್ ಶುರುವಾಗುವ ಹೊತ್ತಿಗೆ ಅವಳು ರೈಲ್ವೆ ಗೇಟು ದಾಟಿರುತ್ತಿದ್ದಳು.

ಮೊದಲ ದಿನವೇ ಕೇಳಿದಳು, ಮೀಟಿಂಗಿಗೆ ನಾನೂ ಇರಬೇಕಾ ಮೇಡಂ ಎಂದು. ನೀನು ಹೊರಡು ಕಣೇ, ಬಸ್ಸು ತಪ್ಪುತ್ತೆ, ನಿಂದೇನಿದ್ದರೂ ನಾನು ಹೇಳ್ತೀನಿ ಅಂದೆ. ಪ್ರೀತಿಯಿಂದಲೇ ಅಂದದ್ದು. ಮೀಟಿಂಗಿನ ಹೊತ್ತು ಬದಲಾಯಿಸೋಣ ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿತ್ತು. ಮೂರು ಗಂಟೆ ಎಂದ ಕೂಡಲೇ ಮಗನ ಊಟವೂ ಅತ್ತೆಯ ಮುಖವೂ ನೆನಪಾಗಿ, ಬಂದ ಯೋಚನೆ ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು.

ನಾವು ಮಾಡುತ್ತಿದ್ದ ಗೇಮು ಹೊರದೇಶದ ಒಂದು ಕಂಪನಿಗೆ. ಹಳೆಯ ಕಲ್ಲಿನ ಗುಡಿಯೊಳಗೆ ಆಟಗಾರ ಒಬ್ಬನೇ ಸಿಕ್ಕಿಹಾಕಿಕೊಳ್ಳುತ್ತಾನೆ, ದಾರಿ ಹುಡುಕಿ ಹೊರಬರಬೇಕು. ಗುಡಿಗೆ ನಾವು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ಒಂದು ಶನಿವಾರ ಟೆಂಪೊ ಟ್ರಾವೆಲರ್ ಮಾಡಿಕೊಂಡು ಎಲ್ಲರೂ ಬೇಲೂರು, ಹಳೇಬೀಡಿಗೆ ಹೊರಟೆವು, ಕಲ್ಲು, ಕಂಬ, ನೆರಳು ಎಲ್ಲದರ ಫೋಟೊ ತೆಗೆಯಲು. ಬೇಲೂರಿನಲ್ಲಿ ಹುಡುಗರು ಕತ್ತು ಮೇಲೆತ್ತಿಕೊಂಡು ಮದನಿಕೆಯರ ಫೋಟೊ ತೆಗೆದದ್ದೇ ತೆಗೆದದ್ದು. ನಮ್ಮ ಗೇಮಿಗೆ ಹೀರೋಯಿನ್ ಸಿಕ್ಕಿದಳು ಕಣ್ಲಾ ಎಂದು ಒಬ್ಬ, ಸೊಂಟ ಇಷ್ಟೇ ಇರಲಿ ಎಂದು ಇನ್ನೊಬ್ಬ. ನಾನೂ ಅವರ ಜೊತೆ ನಕ್ಕೆ. ನಗುತ್ತಾ ಪಕ್ಕಕ್ಕೆ ನೋಡಿದರೆ ಅವಳು ಅಲ್ಲಿರಲಿಲ್ಲ, ದೂರದ ನೆರಳಿನಲ್ಲಿ ನಿಂತಿದ್ದಳು.

ಹಳೇಬೀಡಿಗೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಚಪ್ಪಲಿ ಬಿಟ್ಟು ಜಗತಿ ಹತ್ತಿದರೆ ಕಲ್ಲು ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಹುಡುಗರು ಒಳಗೆ ತಂಪಿಗೆ ಹೋದರು. ಅವಳು ಮಾತ್ರ ಹೊರಗೋಡೆಗೆ ಅಂಟಿಕೊಂಡು ಒಂದು ಸುತ್ತು ಬಂದಳು, ಮತ್ತೆ ಒಂದು ಸುತ್ತು ಬಂದಳು. ಗೋಡೆ ಅಲ್ಲಿ ನೆಟ್ಟಗೆ ಹೋಗುವುದಿಲ್ಲ. ನಾಲ್ಕು ಹೆಜ್ಜೆಗೆ ಒಂದು ಮೂಲೆ, ಮತ್ತೆ ನಾಲ್ಕು ಹೆಜ್ಜೆಗೆ ಇನ್ನೊಂದು. ಏನು ಮಾಡ್ತಿದೀಯ, ಕಾಲು ಸುಡಲ್ವಾ ಎಂದು ಕರೆಯಲು ಹೋದೆ. ಅವಳು ಒಂದು ಮೂಲೆಯ ಈಚೆಗೆ ನಿಂತು ನನಗೆ ಕೈಸನ್ನೆ ಮಾಡಿದಳು.

"ಇಲ್ಲಿ ನಿಂತ್ಕೊಳಿ ಮೇಡಂ. ಆಚೆ ಯಾರವ್ರೆ ಅಂತ ಕಾಣಲ್ಲ, ಆದ್ರೆ ಹೆಜ್ಜೆ ಸದ್ದು ಕೇಳ್ತೈತೆ ನೋಡಿ."

ನಿಜ. ಆಚೆ ಯಾರೋ ನಡೆಯುತ್ತಿದ್ದರು. ಅವಳು ಮುಂದುವರಿಸಿದಳು. ಬಸ್ಸು ತಪ್ಪಿದ ದಿನ ಹ್ಯಾಂಡ್‌ಪೋಸ್ಟಿನಿಂದ ಅವಳು ಒಬ್ಬಳೇ ನಡೆದು ಹೋಗುತ್ತಾಳಂತೆ. ದಾರಿಯಲ್ಲಿ ಒಂದು ಮೋರಿ, ಮೋರಿಯ ಹತ್ತಿರ ಒಂದು ತಿರುವು. ತಿರುವು ಬರುವ ಮೊದಲೇ ಅವಳು ನಡಿಗೆ ನಿಧಾನ ಮಾಡುತ್ತಾಳೆ. ಆಚೆ ಇರುವವರು ಒಬ್ಬರಾ ಇಬ್ಬರಾ, ನಡೆಯುತ್ತಿದ್ದಾರಾ ನಿಂತಿದ್ದಾರಾ, ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರಾ, ಎಲ್ಲವನ್ನೂ ಕಿವಿಯಲ್ಲೇ ನೋಡಿಕೊಂಡು ಆಮೇಲೆ ತಿರುಗುವುದೋ ಬೇಡವೋ ಎಂದು ತೀರ್ಮಾನ ಮಾಡುತ್ತಾಳೆ. ನಮ್ಮ ಗೇಮಿನ ಗುಡಿಯೂ ಹಾಗೇ ಇರಲಿ ಮೇಡಂ ಅಂದಳು. ಕತ್ತಿ ಬೇಡ, ರಾಕ್ಷಸ ಬೇಡ. ಮೂಲೆ ಮೂಲೆಗೂ ಆಟಗಾರ ನಿಲ್ಲಬೇಕು, ಕೇಳಿಸಿಕೊಳ್ಳಬೇಕು. ಓಡಿದವನು ಸೋಲಬೇಕು.

ನನಗೆ ಆ ಬಿಸಿಲಲ್ಲೂ ಮೈ ಜುಮ್ಮೆಂದಿತು. ಬೆಂಗಳೂರಿನಲ್ಲಿ ಶಿಫ್ಟ್ ಮುಗಿಸಿ ಪೀಜಿಗೆ ಹೋಗುವಾಗ ನಾನೂ ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಅದರಿಂದ ಒಂದು ಆಟ ಮಾಡಬಹುದು ಎಂದು ನನಗೆ ಹೊಳೆದಿರಲಿಲ್ಲ. ಗಂಡಸಿನ ಹೆಸರಲ್ಲಿ ಕತ್ತಿ ಬೀಸುವುದರಲ್ಲೇ ನನ್ನ ಕಾಲ ಕಳೆದಿತ್ತು.

ಸೋಮವಾರದ ಮೀಟಿಂಗಿನಲ್ಲಿ ಹುಡುಗರು ಕತ್ತಿ ಎಷ್ಟು ಥರ ಇರಬೇಕು ಎಂದು ಜಗಳವಾಡುತ್ತಿದ್ದರು. ನಾನು, ಅವಳು ಒಂದು ಯೋಚನೆ ಹೇಳಿದ್ದಾಳೆ ಎಂದು ಶುರು ಮಾಡಿದೆ. ಹ್ಯಾಂಡ್‌ಪೋಸ್ಟಿನ ರಸ್ತೆ, ಮೋರಿ, ತಿರುವು ಇದ್ಯಾವುದನ್ನೂ ಹೇಳಲಿಲ್ಲ. ಹುಡುಗಿ ಹೆದರಿಕೊಂಡಳು ಎಂದು ನಗುತ್ತಾರೆ ಅನ್ನಿಸಿತು. ಅದರ ಬದಲು ಸಸ್ಪೆನ್ಸ್ ಅಂದೆ, ಟೆನ್ಶನ್ ಅಂದೆ, ಸೌಂಡ್ ಮೇಲೆ ನಿಂತ ಲೆವೆಲ್ ಅಂದೆ. ಲೆವೆಲ್ ಎಂದರೆ ಆಟದ ಒಂದೊಂದು ಘಟ್ಟ, ಅದನ್ನು ಕಟ್ಟುವುದೇ ನಮ್ಮ ಮುಖ್ಯ ಕೆಲಸ. ಬಾಸ್ ಮೇಜು ಕುಟ್ಟಿ, ಸೂಪರ್ ಮೇಡಂ ಅಂದರು. ನಂದಲ್ಲ ಸಾರ್, ಅವಳದು ಅಂದೆ. ಹಾಂ ಹಾಂ, ಅವಳಿಗೂ ಹೇಳಿಬಿಡಿ ಎಂದು ಮುಂದಿನ ವಿಷಯಕ್ಕೆ ಹೋದರು.

ಅಲ್ಲಿಂದ ಅದು ರೂಢಿಯಾಯಿತು. ದಿನಾ ಹೊರಡುವ ಮೊದಲು ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದು ಅವತ್ತು ಹೊಳೆದದ್ದನ್ನೆಲ್ಲ ಗಡಿಬಿಡಿಯಲ್ಲಿ ಹೇಳುತ್ತಿದ್ದಳು. ಯಾವ ಮೂಲೆಯಲ್ಲಿ ಸದ್ದು ನಿಲ್ಲಬೇಕು, ಎಲ್ಲಿ ಬರೀ ಪಾರಿವಾಳದ ರೆಕ್ಕೆ ಬಡಿತ ಇರಬೇಕು, ಎಲ್ಲಿ ಎರಡು ಹೆಜ್ಜೆಗಳು ಒಂದೇ ಆಗಿ ಕೇಳಬೇಕು. ನಾನು ಅದನ್ನು ಮೀಟಿಂಗಿನಲ್ಲಿ ಹೇಳುತ್ತಿದ್ದೆ. ಮೊದಮೊದಲು ಪ್ರತಿ ಸಲವೂ ಅವಳ ಹೆಸರು ಹೇಳುತ್ತಿದ್ದೆ. ಎರಡು ಮಾತಿಗೊಮ್ಮೆ ಹೆಸರು ಹೇಳುವುದು ನನಗೇ ಒಂಥರಾ ಅನ್ನಿಸತೊಡಗಿತು, ಎಲ್ಲರಿಗೂ ಗೊತ್ತೇ ಇದೆಯಲ್ಲ ಅನ್ನಿಸಿತು. ಯಾರಾದರೂ ಎದುರು ಪ್ರಶ್ನೆ ಹಾಕಿದರೆ ಅವಳು ಹೇಳದೇ ಇದ್ದದ್ದನ್ನೂ ನಾನೇ ಸೇರಿಸಿ ಉತ್ತರ ಕೊಡುತ್ತಿದ್ದೆ. ಆಗ ಅದರಲ್ಲಿ ಸ್ವಲ್ಪ ನನ್ನದೂ ಸೇರಿತಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದು ಯಾರದು ಎಂದು ಆ ಕೋಣೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ, ಹಿಂದಿನ ಸಂಜೆ ಏನು ತೀರ್ಮಾನವಾಯಿತು ಎಂದು ಅವಳಿಗೆ ಹೇಳುವುದೂ ನನ್ನ ಕೆಲಸವೇ. ಅವಳ ಮಾತು ಬಿದ್ದುಹೋಗಿದ್ದರೆ ನೋವಾಗದಂತೆ ಸ್ವಲ್ಪ ಬೆಲ್ಲ ಸವರಿ ಹೇಳುತ್ತಿದ್ದೆ. ಮೆಚ್ಚಿಕೊಂಡಿದ್ದರೆ, ಎಲ್ಲರಿಗೂ ಇಷ್ಟವಾಯಿತು ಕಣೇ ಅನ್ನುತ್ತಿದ್ದೆ. ಯಾರನ್ನು ಮೆಚ್ಚಿಕೊಂಡರು ಎಂಬುದನ್ನು ಬಿಟ್ಟುಬಿಡುತ್ತಿದ್ದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಾನು ಹಾಗೆ ಪೂರ್ತಿ ಕೊಡದವಳಲ್ಲ. ಅಷ್ಟಿಷ್ಟು ಕೊಟ್ಟು, ಉಳಿದದ್ದನ್ನು ತಟ್ಟೆಯಲ್ಲೇ ಇಟ್ಟುಕೊಂಡವಳು.

ಇನ್ನೊಂದು ಮಾತು. ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಖಾಲಿ ಇತ್ತು. ಮುಖ್ಯವಾದ ಮೀಟಿಂಗ್ ಇದ್ದ ದಿನ ಒಂದು ರಾತ್ರಿ ನಮ್ಮಲ್ಲೇ ಉಳಿದುಕೋ ಎಂದಿದ್ದರೆ ಅವಳ ಅಪ್ಪ ಒಪ್ಪುತ್ತಿದ್ದರು. ನನ್ನ ಗಂಡನೇ ಒಂದು ಸಲ ಹಾಗಂದಿದ್ದರು. ಕೇಳ್ತೀನಿ ಬಿಡಿ ಅಂದೆ. ಕೇಳಲಿಲ್ಲ. ಅತ್ತೆ ಏನನ್ನುತ್ತಾರೋ ಎಂದು ನೆಪ ಹೇಳಿಕೊಂಡೆ, ಅತ್ತೆಯನ್ನೂ ಕೇಳಿರಲಿಲ್ಲ.

ಹೀಗಿರುವಾಗ ಹೊರದೇಶದ ಕಂಪನಿಯಿಂದ ಒಂದು ಪ್ರಶ್ನೆ ಬಂತು. ನಿಮ್ಮ ತಂಡದಲ್ಲಿ ಹೆಂಗಸರು ಇದ್ದಾರಾ, ಇದ್ದರೆ ಜವಾಬ್ದಾರಿಯ ಜಾಗದಲ್ಲಿ ಯಾರಾದರೂ ಇದ್ದಾರಾ ಎಂದು. ಬಾಸ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು. ಆಮೇಲೆ ನನ್ನನ್ನು ಕರೆದು, ಲೆವೆಲ್ ಲೀಡ್ ಎಂದು ಒಂದು ಹುದ್ದೆ ಮಾಡುತ್ತೇನೆ, ಪರ್ಮನೆಂಟ್ ಹುದ್ದೆ, ಅದಕ್ಕೆ ಒಬ್ಬರು ಲೇಡಿಯನ್ನೇ ಹಾಕೋಣ, ಮುಂದಿನ ವಾರದ ಮೀಟಿಂಗಿನಲ್ಲಿ ಎಲ್ಲರೆದುರೇ ತೀರ್ಮಾನ ಮಾಡೋಣ ಅಂದರು. ಕೊನೆಗೆ ಕೇಳಿದರು:

"ಒಬ್ರಾದ್ರೆ ಸಾಕಲ್ವಾ ಮೇಡಂ?"

ಸಾಕು ಸಾರ್ ಅಂದೆ. ಯಾಕೆ ಒಬ್ಬರು, ಯಾಕೆ ಇಬ್ಬರಲ್ಲ ಎಂದು ಕೇಳಲಿಲ್ಲ. ಟಾಯ್ಲೆಟ್ಟಿಗೆ ಜಗಳವಾಡಿದ ಬಾಯಿ ಅವತ್ತು ಎಲ್ಲಿ ಹೋಗಿತ್ತೋ.

ಹೊರಗೆ ಬಂದು ಕೂತಾಗ ಲೆಕ್ಕ ಸ್ಪಷ್ಟವಾಗಿತ್ತು. ನನಗೆ ಆಗಲೇ ಪರ್ಮನೆಂಟ್ ಕೆಲಸವಿತ್ತು. ಆ ಹುದ್ದೆ ನನಗೆ ಸಿಕ್ಕರೆ ಹೆಸರಿನ ಮುಂದೆ ಒಂದು ಪದ ಹೆಚ್ಚಾಗುತ್ತದೆ, ಅಷ್ಟೇ. ಅವಳಿಗೆ ಸಿಕ್ಕರೆ ಅವಳು ಉಳಿಯುತ್ತಾಳೆ. ಸಿಗದಿದ್ದರೆ ಗೇಮ್ ಮುಗಿದ ದಿನ ಅವಳ ಕಾಂಟ್ರಾಕ್ಟೂ ಮುಗಿಯುತ್ತದೆ. ಆ ಗುಡಿಯ ಲೆವೆಲ್ಲಿನ ಒಂದೊಂದು ಮೂಲೆಯೂ ಅವಳ ತಲೆಯಿಂದ ಬಂದದ್ದು. ಅದು ಗೊತ್ತಿದ್ದವಳು ಇಡೀ ಆಫೀಸಿನಲ್ಲಿ ನಾನೊಬ್ಬಳೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ನನ್ನ ಪಾಡು. ಯಾರಾದರೂ ಆ ಲೆವೆಲ್ ಚೆನ್ನಾಗಿದೆ ಎಂದರೆ ಸಾಕು, ನನ್ನ ಕೈ ಹೆಗಲಿಗೆ ಹೋಗುತ್ತಿತ್ತು.

ಅನ್ನ ರುಚಿಸಲಿಲ್ಲ. ಮಗನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಎರಡು ದಿನ ಹಾಗೆ ಕಳೆದ ಮೇಲೆ ಬಾಸ್ ಹತ್ತಿರ ಹೋಗಿ, ಮುಂದಿನ ವಾರದಿಂದ ಮೀಟಿಂಗನ್ನು ಮಧ್ಯಾಹ್ನ ಮೂರಕ್ಕೆ ಮಾಡಿ ಸಾರ್, ಅವಳೂ ಇರಲಿ, ಅವಳ ಕೆಲಸದ ಬಗ್ಗೆ ಅವಳೇ ಹೇಳಲಿ ಅಂದೆ. ಏನೇನೋ ವಾದ ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ.

"ಅಷ್ಟೇನಾ? ಮೊದ್ಲೇ ಹೇಳೋದಲ್ವಾ ಮೇಡಂ. ನಂಗೆ ಮೂರು ಗಂಟೆನೇ ಈಜಿ."

ಒಂದು ಮಾತು. ಒಂದೇ ಒಂದು ಮಾತಿನಲ್ಲಿ ಮುಗಿಯುವ ಕೆಲಸವನ್ನು ನಾನು ಅಷ್ಟು ದಿನ ಮಾಡದೆ ಇಟ್ಟುಕೊಂಡಿದ್ದೆ. ಬಾಸ್ ಬೇಡ ಎಂದು ಹಟ ಹಿಡಿದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮೀಟಿಂಗಿನಲ್ಲಿ ನೀನೇ ಮಾತಾಡಬೇಕು ಎಂದಾಗ ಅವಳು ಮೊದಲು ಹೆದರಿದಳು. ಆಮೇಲೆ ಒಂದು ವಾರ ತಯಾರಿ ಮಾಡಿಕೊಂಡಳು. ಊಟದ ಹೊತ್ತಿನಲ್ಲಿ ನನ್ನ ಎದುರು ಒಂದು ಸಲ ಹೇಳಿ ತೋರಿಸಿದಳು. ಚೆನ್ನಾಗಿತ್ತು. ಮೋರಿ ಹತ್ತಿರದ ತಿರುವನ್ನೂ ಹೇಳಿದಳು. ಅದನ್ನು ಬಿಡಬೇಡ, ಅದೇ ಮುಖ್ಯ ಎಂದು ನಾನೇ ಬೆನ್ನು ತಟ್ಟಿದೆ. ಈ ಸಲ ನಾನು ಬಾಯಿ ಬಿಡುವುದಿಲ್ಲ ಎಂದು ಒಳಗೊಳಗೇ ಆಣೆ ಮಾಡಿಕೊಂಡೆ.

ಮೂರು ಗಂಟೆಗೆ ಎಲ್ಲರೂ ಕೂತೆವು. ಬಾಸ್ ಕೈಯಲ್ಲಿ ಕೊಬ್ಬರಿ ಧೂಳು ಹಾಗೇ ಇತ್ತು. ಅವಳು ಎದ್ದು ನಿಂತು ಶುರು ಮಾಡಿದಳು. ದನಿ ಸಣ್ಣದಿದ್ದರೂ ಮಾತು ನೆಟ್ಟಗಿತ್ತು, ನಮ್ಮೆಲ್ಲರ ಮನೆಯಲ್ಲಿ ಆಡುವ ಕನ್ನಡವೇ. ಹಳೇಬೀಡಿನ ಗೋಡೆ ಹೇಗೆ ತಿರುಗುತ್ತದೆ ಎಂದಳು. ಹ್ಯಾಂಡ್‌ಪೋಸ್ಟಿನ ರಸ್ತೆಯನ್ನು ಹೇಳಿದಳು. ತಿರುವಿನ ಆಚೆ ಮಾತು ನಿಂತರೆ ಮೈಯೆಲ್ಲ ಹೇಗೆ ಕಿವಿಯಾಗುತ್ತದೆ ಎಂದಳು. ಆಗ ನನಗೆ ಒಂದು ಕಂಡಿತು. ಅವಳು ಒಂದೊಂದು ಮಾತು ಮುಗಿಸಿದಾಗಲೂ ಹುಡುಗರು ಅವಳನ್ನು ಬಿಟ್ಟು ನನ್ನ ಕಡೆ ನೋಡುತ್ತಿದ್ದರು, ಹೌದಾ ಎಂದು ಕೇಳುವ ಹಾಗೆ. ಬಾಸೂ ಅಷ್ಟೇ. ಕೊನೆಗೆ ಅವಳೂ ಪ್ರತಿ ಮಾತಿನ ತುದಿಗೆ ನನ್ನ ಮುಖ ನೋಡಿಯೇ ಮುಂದಿನ ಮಾತಿಗೆ ಹೋಗುತ್ತಿದ್ದಳು. ಆ ಕೋಣೆಯಲ್ಲಿದ್ದ ಎಲ್ಲರಿಗೂ ನಾನು ಅದನ್ನು ಕಲಿಸಿಬಿಟ್ಟಿದ್ದೆ.

ಅವಳು ಮುಗಿಸಿ ಕೂತಳು. ಬಾಸ್ ನನ್ನ ಕಡೆ ತಿರುಗಿದರು.

"ಮೇಡಂ, ಅವಳು ಹೇಳ್ತಿರೋದು ಏನು ಅಂತ ಸ್ವಲ್ಪ ಹೇಳಿ."

ಅವಳು ಹೇಳಿದ್ದಾಯಿತಲ್ಲ ಸಾರ್, ಬೇಕಿದ್ದರೆ ಅವಳನ್ನೇ ಕೇಳಿ ಅನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ನಾನು ಬಾಯಿ ತೆರೆದೆ, ಬಂದದ್ದು ಬೇರೆ. ಅದೇನೆಂದರೆ ಸಾರ್ ಎಂದು ಶುರು ಮಾಡಿದವಳು ಸಸ್ಪೆನ್ಸ್ ಅಂದೆ, ಸೌಂಡ್ ಅಂದೆ, ಆಟಗಾರ ಎಲ್ಲಿ ನಿಲ್ಲುತ್ತಾನೆ, ಯಾಕೆ ನಿಲ್ಲುತ್ತಾನೆ ಎಂದು ಕೈಯಲ್ಲಿ ಗಾಳಿಯಲ್ಲೇ ಮೂಲೆ ಬರೆದು ತೋರಿಸಿದೆ. ದಿನಾ ಮಾಡಿ ರೂಢಿಯಾದ ಕೆಲಸವಲ್ಲವೇ. ಮೋರಿ, ರಸ್ತೆ ಎಲ್ಲ ತಾವಾಗಿಯೇ ಬಿಟ್ಟುಹೋದವು. ನಾನು ಅವತ್ತು ಹೇಳಿದಷ್ಟು ಚೆನ್ನಾಗಿ ಯಾವತ್ತೂ ಹೇಳಿರಲಿಲ್ಲ. ಹುಡುಗರು ತಲೆದೂಗಿದರು. ಒಬ್ಬ, ಈಗ ಕ್ಲಿಯರ್ ಆಯ್ತು ನೋಡಿ ಅಂದ. ಬಾಸ್ ನಕ್ಕು, ಲೀಡ್ ಯಾರು ಅಂತ ಇನ್ನು ಬೇರೆ ಹೇಳಬೇಕಾ ಅಂದರು. ಚಪ್ಪಾಳೆಯೂ ಆಯಿತು. ಅವಳೂ ತಟ್ಟಿದಳು.

ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಟೀ ಬಂತು, ಎಲ್ಲರೂ ಕುಡಿದೆವು.

ಆರು ಗಂಟೆಗೆ ಅವಳು ಎಂದಿನಂತೆ ಬ್ಯಾಗು ಎತ್ತಿಕೊಂಡಳು. ಅವತ್ತು ನನ್ನ ಮೇಜಿನ ಹತ್ತಿರ ಬಂದು ಹೇಳುವುದೇನೂ ಇರಲಿಲ್ಲ. ಹೋಗಿಬತ್ತೀನಿ ಅಕ್ಕ ಅಂದಳು. ಯಾವತ್ತೂ ಮೇಡಂ ಅನ್ನುತ್ತಿದ್ದವಳು ಅಂದು ಮೊದಲ ಸಲ ಅಕ್ಕ ಅಂದದ್ದು ನನಗೆ ಇನ್ನಷ್ಟು ಚುಚ್ಚಿತು.

ಇನ್ನು ತಡೆಯಲಾಗಲಿಲ್ಲ. ಸಂಜೆ ಬಾಸ್ ಮಂಡಿ ಮುಗಿಸಿ ಮೇಲೆ ಬಂದದ್ದೇ ಎದುರು ನಿಂತು ಎಲ್ಲ ಹೇಳಿಬಿಟ್ಟೆ. ಆ ಲೆವೆಲ್ ಮೊದಲಿಂದ ಕೊನೆಯವರೆಗೆ ಅವಳದು, ಇಷ್ಟು ದಿನ ಮೀಟಿಂಗಿನಲ್ಲಿ ನಾನು ಹೇಳಿದ್ದೆಲ್ಲ ಅವಳು ಹೇಳಿ ಹೋದದ್ದು, ಆರೂವರೆ ಎಂದು ಹೇಳಿದವಳೂ ನಾನೇ, ಅದೂ ನನ್ನ ಅನುಕೂಲಕ್ಕೆ, ಆ ಹುದ್ದೆ ಅವಳಿಗೆ ಹೋಗಬೇಕು ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿ, ನೀರು ತರಿಸಿದರು.

"ನಿಮ್ದು ದೊಡ್ಡ ಮನಸ್ಸು ಮೇಡಂ. ಜೂನಿಯರ್‌ಗೆ ಇಷ್ಟು ಬಿಟ್ಕೊಡೋರು ಎಲ್ಲವ್ರೆ ಈ ಕಾಲ್ದಲ್ಲಿ? ಅದಕ್ಕೇ ನಿಮ್ಮನ್ನ ಲೀಡ್ ಮಾಡಿದ್ದು."

ಇಲ್ಲ ಸಾರ್, ಇದು ದೊಡ್ಡ ಮನಸ್ಸಲ್ಲ, ನಿಜ ಎಂದೆ. ಎರಡು ಸಲ ಎಂದೆ. ಹೆಚ್ಚು ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ಹೆಚ್ಚು ಒಳ್ಳೆಯವಳಾದೆ. ಹೊರದೇಶಕ್ಕೆ ಹೆಸರು ಆಗಲೇ ಕಳಿಸಿಯಾಗಿದೆ, ಅವಳಿಗೆ ಮುಂದಿನ ಪ್ರಾಜೆಕ್ಟ್ ಬಂದಾಗ ನೋಡೋಣ ಎಂದು ಸಮಾಧಾನ ಹೇಳಿದರು. ಅಲ್ಲಿದ್ದ ಹುಡುಗರಿಗೂ, ನೋಡ್ರೋ, ಕಲಿತ್ಕೊಳಿ ಅಂದರು. ನಾನು ಮನೆಗೆ ಹೋಗುವ ದಾರಿಯಲ್ಲಿ, ಹೇಳಿದ್ದಂತೂ ಆಯಿತು ಎಂದು ಒಂದಿಷ್ಟು ಹಗುರವಾದದ್ದೂ ಸುಳ್ಳಲ್ಲ. ಅವತ್ತು ಊಟ ಸೇರಿತು.

ಮಾರನೆಯ ಬೆಳಗ್ಗೆ ಅವಳು ನನಗಿಂತ ಮೊದಲೇ ಬಂದಿದ್ದಳು. ಹುಡುಗರು ಆಗಲೇ ಅವಳಿಗೆ ಸುದ್ದಿ ಮುಟ್ಟಿಸಿದ್ದರು. ನಾನು ಮೆಟ್ಟಿಲು ಹತ್ತಿ ಬರುವುದನ್ನೇ ಕಾಯುತ್ತಿದ್ದವಳು ಎದ್ದು ಬಂದು, ನಿನ್ನೆ ಸಂಜೆ ನನ್ನ ಬಗ್ಗೆ ಬಾಸ್ ಹತ್ತಿರ ಹೇಳಿದಿರಂತೆ ಅಂದಳು. ಹೂಂ ಕಣೇ, ಎಲ್ಲಾ ಹೇಳಿದೆ, ಪೂರ್ತಿ ನಿಂದೇ ಅಂತ ಹೇಳಿದೆ, ಏನೂ ಮುಚ್ಚಿಡಲಿಲ್ಲ ಅಂದೆ. ಅವಳ ಕೈ ಹಿಡಿದುಕೊಂಡೇ ಅಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟೂ ಇರಲಿಲ್ಲ ಅವಳ ಮುಖದಲ್ಲಿ.

"ಅದನ್ನೂ ನಾನು ಬಸ್ಸಿಗೆ ಹೋದ್ಮೇಲೇ ಹೇಳಿದ್ರಲ್ಲಕ್ಕ" ಅಂದಳು.

ಅಂದು, ತನ್ನ ಜಾಗಕ್ಕೆ ಹೋಗಿ ಕಂಪ್ಯೂಟರ್ ಆನ್ ಮಾಡಿದಳು.